ಬ್ಯಾಸ್ಕೆಟ್‌ಬಾಲ್ ಗಾರ್ಡ್ ಆಟಗಾರರ ಮೊಣಕಾಲು, ಪಾದ: ಶಿರಸಿಯ ಫಿಸಿಯೋಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ಶಿರಸಿಯಲ್ಲಿ ಕ್ರೀಡಾಗಾಯಗಳಿಗೆ ಚಿಕಿತ್ಸೆ ನೀಡುವ ಫಿಸಿಯೋಥೆರಪಿಸ್ಟ್ ಮೇಡಂ ಇಂದು ಸಂಜೆ ನಮ್ಮೊಂದಿಗಿದ್ದಾರೆ. ಜಿಲ್ಲೆಯ ಬ್ಯಾಸ್ಕೆಟ್‌ಬಾಲ್ ಆಟಗಾರರೂ ಪೋಷಕರೂ ಕೇಳಬಹುದು. ಗಾರ್ಡ್ ಸ್ಥಾನದಲ್ಲಿ, ಅಂದರೆ ಬುಟ್ಟಿಯಿಂದ ದೂರ ನಿಂತು ಚೆಂಡು ಪುಟಿಸಿ ಆಟ ನಡೆಸುವ ಸ್ಥಾನದಲ್ಲಿ, ಆಡುವವರಿಗೆ ಮೊದಲ ಆದ್ಯತೆ.

ಕುಮಟೆಯ ತಂದೆ: ನಮಸ್ಕಾರ ಮೇಡಂ. ಮಗನಿಗೆ ಹದಿನಾಲ್ಕು ವರ್ಷ, ಐದು ಅಡಿ ಎರಡು ಅಂಗುಲ. ಪಾಯಿಂಟ್ ಗಾರ್ಡ್. ಈ ಎತ್ತರಕ್ಕೆ ಮುಂದೆ ದಾರಿಯಿದೆಯೇ? ಎತ್ತರವಾಗಲೆಂದು ದಿನಾ ಕಂಬಿಗೆ ಜೋತು ಬೀಳಿಸುತ್ತಿದ್ದೇವೆ.

ಮೇಡಂ: ಜೋತು ಬಿದ್ದರೆ ಎಲುಬು ಉದ್ದವಾಗುವುದಿಲ್ಲ. ಮಗ್ಸಿ ಬೋಗ್ಸ್ ಐದು ಅಡಿ ಮೂರು ಅಂಗುಲದವರು. 1987ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಸೇರಿ ಹದಿನಾಲ್ಕು ಋತು ಆಡಿದರು. ಅಂಥವರು ತೀರಾ ಅಪರೂಪ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹುಡುಗ ಇನ್ನೂ ಬೆಳೆಯುವ ವಯಸ್ಸಿನವನು. ಎಡಗೈಯಲ್ಲೂ ಬಲಗೈಯಷ್ಟೇ ಸಲೀಸಾಗಿ ಚೆಂಡು ಪುಟಿಸಲು ಕಲಿಯಲಿ.

ಹೊನ್ನಾವರದ ಆಟಗಾರ: ಮೇಡಂ, ಸಿಮೆಂಟ್ ಅಂಕಣಕ್ಕೆ ಎತ್ತರದ ಬೂಟು ಒಳ್ಳೆಯದೋ, ಗಿಡ್ಡ ಬೂಟೋ?

ಶಿರಸಿಯ ತಾಯಿ: ಮೇಡಂ, ಮಗಳು ಹತ್ತನೆಯ ತರಗತಿ, ಶಾಲಾ ತಂಡದ ಗಾರ್ಡ್. ಮೂರು ವಾರದ ಹಿಂದೆ ಅಭ್ಯಾಸದಲ್ಲಿ ಓಡಿಬಂದು ಒಮ್ಮೆಲೇ ನಿಂತು ತಿರುಗುವಾಗ ಬಲ ಮೊಣಕಾಲಿನೊಳಗೆ ‘ಟಕ್’ ಎಂದಿತಂತೆ. ಯಾರೂ ತಾಗಿರಲಿಲ್ಲ. ಎರಡು ಗಂಟೆಯೊಳಗೆ ಮೊಣಕಾಲು ತೆಂಗಿನಕಾಯಿಯಂತೆ ಊದಿತು. ಎಕ್ಸ್-ರೇಯಲ್ಲಿ ಎಲುಬು ಸರಿಯಿದೆ ಎಂದರು. ಈಗ ಊತ ಇಳಿದಿದೆ, ಚೆನ್ನಾಗಿ ನಡೆಯುತ್ತಾಳೆ. ಇನ್ನು ಹನ್ನೆರಡು ದಿನಕ್ಕೆ ವಿಭಾಗ ಮಟ್ಟದ ಪಂದ್ಯ. ಮೊಣಕಾಲಿಗೆ ಕ್ಯಾಪ್ ಹಾಕಿ ಆಡಿಸಬಹುದೇ?

ಮೇಡಂ: ಆಡಿಸಬೇಡಿ. ಉಳಿದವರು ಸ್ವಲ್ಪ ಕಾಯಿರಿ, ಇದನ್ನು ವಿವರವಾಗಿ ಬರೆಯಬೇಕು.

ಯಾರೂ ತಾಗದೆ ತಿರುಗುವಾಗ ‘ಟಕ್’ ಎಂದದ್ದು, ಎರಡು ಗಂಟೆಯೊಳಗೆ ಊದಿದ್ದು, ಇವೆರಡೂ ಸೇರಿದರೆ ನನಗೆ ಮೊದಲು ಬರುವ ಅನುಮಾನ ಎಸಿಎಲ್ ಹರಿದಿರುವುದರದ್ದು. ಮೊಣಕಾಲಿನ ಮಧ್ಯದಲ್ಲಿ, ಕೆಳಗಿನ ಎಲುಬು ಮುಂದಕ್ಕೆ ಜಾರದಂತೆ, ಅಡ್ಡ ತಿರುಚದಂತೆ ಹಿಡಿಯುವ ಲಿಗಮೆಂಟ್, ಎಲುಬಿಗೆ ಎಲುಬನ್ನು ಬಿಗಿಯುವ ಗಟ್ಟಿ ಪಟ್ಟಿ, ಅದು. ಅಷ್ಟು ಬೇಗ ಊದಿತೆಂದರೆ ಬಹುಮಟ್ಟಿಗೆ ಕೀಲಿನೊಳಗೆ ರಕ್ತ ಸೇರಿದೆ ಎಂದರ್ಥ. ಎಕ್ಸ್-ರೇಯಲ್ಲಿ ಎಲುಬು ಕಾಣುತ್ತದೆ, ಲಿಗಮೆಂಟ್ ಕಾಣುವುದಿಲ್ಲ. ಕೈಯಿಂದ ಪರೀಕ್ಷಿಸಬೇಕು, ಆಮೇಲೆ ಎಂಆರ್‌ಐ.

ನಡೆಯುತ್ತಾಳೆ ಎಂಬುದೇ ಇಲ್ಲಿ ಮೋಸ ಮಾಡುವ ಸಂಗತಿ. ಎಸಿಎಲ್ ಹರಿದವರೂ ಮೂರು ವಾರಕ್ಕೆ ನೇರ ದಾರಿಯಲ್ಲಿ ಸಲೀಸಾಗಿ ನಡೆಯುತ್ತಾರೆ. ಗಾರ್ಡ್ ಆಟ ನೇರ ನಡಿಗೆಯಲ್ಲ. ಓಟದಲ್ಲಿ ತಟ್ಟನೆ ನಿಲ್ಲಬೇಕು, ಎದುರಾಳಿಯನ್ನು ಒಂದು ಕಡೆಗೆ ಸೆಳೆದು ಇನ್ನೊಂದು ಕಡೆಗೆ ತಿರುಗಬೇಕು, ಒಂಟಿ ಕಾಲಿನಲ್ಲಿ ಇಳಿಯಬೇಕು. ಆ ಮೂರರಲ್ಲೂ ಭಾರ ಬೀಳುವುದು ಇದೇ ಲಿಗಮೆಂಟ್ ಮೇಲೆ. ಅದಿಲ್ಲದೆ ಆಡಿದರೆ ಮೊಣಕಾಲಿನ ಕೀಲು ಜಾರುತ್ತದೆ, ಹಾಗೆ ಜಾರಿದಾಗಲೆಲ್ಲ ಮೆನಿಸ್ಕಸ್ ಎಂಬ ಮೆತ್ತೆಯಂಥ ಮೃದ್ವಸ್ಥಿ ಹರಿಯುವ ಅಪಾಯವಿದೆ. ಎಸಿಎಲ್ ಅನ್ನು ಹೊಸದಾಗಿ ಕಟ್ಟಬಹುದು, ಮೆನಿಸ್ಕಸ್ ಕಳೆದುಕೊಂಡರೆ ಮರಳಿ ಬರುವುದಿಲ್ಲ. ಕ್ಯಾಪ್ ಬಟ್ಟೆಯ ಚೀಲದಂತೆ, ಬೆಚ್ಚಗಿಡುತ್ತದೆ, ಹಿಡಿದು ನಿಲ್ಲಿಸುವುದಿಲ್ಲ. ಹದಿಹರೆಯದ ಹುಡುಗಿಯರಲ್ಲಿ ಈ ಗಾಯ ಹುಡುಗರಿಗಿಂತ ಹೆಚ್ಚು.

ಒಂದು ಪ್ರಶ್ನೆಗೆ ಉತ್ತರಿಸಿ: ಮೆಟ್ಟಿಲಿಳಿಯುವಾಗ, ತಿರುಗುವಾಗ ಮೊಣಕಾಲು ಕೈಕೊಟ್ಟಂತಾಗಿದೆಯೇ?

ಸಿದ್ದಾಪುರದ ಸದಸ್ಯರು: ನನಗೆ ಬಂದ ಸಂದೇಶ ಕಳುಹಿಸುತ್ತಿದ್ದೇನೆ. ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಮೊಣಕಾಲಿಗೆ ಏಳು ರಾತ್ರಿ ಕಟ್ಟಿದರೆ ಲಿಗಮೆಂಟ್ ಕೂಡಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆ ಬೇಕಿಲ್ಲ.

ಮೇಡಂ: ಚರ್ಮದ ಮೇಲೆ ಕಟ್ಟಿದ ಎಲೆ ಕೀಲಿನೊಳಗಿನ ಹರಿದ ಲಿಗಮೆಂಟನ್ನು ಜೋಡಿಸುವುದಿಲ್ಲ. ಎಕ್ಕದ ಹಾಲು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ತಾಗಿದರೆ ದೃಷ್ಟಿಗೇ ಅಪಾಯ. ಆ ಹುಡುಗಿಗೆ ಕಟ್ಟಬೇಡಿ.

ಅಂಕೋಲೆಯ ಆಟಗಾರ: ಮೇಡಂ, ನನ್ನ ಪಾದ ವರ್ಷಕ್ಕೆ ಮೂರು ಸಲ ಉಳುಕುತ್ತದೆ. ಮಳೆಗಾಲದಲ್ಲಿ ಅಂಕಣ ಹಾವಸೆಗಟ್ಟುತ್ತದೆ, ಅದರಲ್ಲೇ ಆಡುತ್ತೇವೆ. ಗಾರ್ಡ್ ಆಟ ಬಿಡಬೇಕೇ?

ಮೇಡಂ: ಬಿಡಬೇಕಿಲ್ಲ. ಎನ್‌ಬಿಎ ಗಾರ್ಡ್ ಸ್ಟೀಫನ್ ಕರಿ ಅವರ ಬಲಪಾದದ ಗಂಟಿಗೆ 2011ರಲ್ಲಿ ಒಮ್ಮೆ, 2012ರಲ್ಲಿ ಮತ್ತೊಮ್ಮೆ ಶಸ್ತ್ರಚಿಕಿತ್ಸೆಯಾಯಿತು. 2011–12ರ ಋತುವಿನಲ್ಲಿ ಆಡಿದ್ದು 26 ಪಂದ್ಯ ಮಾತ್ರ. ಆಮೇಲೆ 2015 ಮತ್ತು 2016ರಲ್ಲಿ ಅತ್ಯಮೂಲ್ಯ ಆಟಗಾರ ಪ್ರಶಸ್ತಿ, ನಾಲ್ಕು ಸಲ ಚಾಂಪಿಯನ್. ಪಾದವನ್ನಷ್ಟೇ ನೋಡದೆ ಸೊಂಟ, ತೊಡೆಗಳಿಗೂ ಬಲ ಬರುವಂತೆ ದುಡಿದರು. ನೀವು ಒಂಟಿ ಕಾಲಿನಲ್ಲಿ ನಿಲ್ಲುವ ಅಭ್ಯಾಸ ಮಾಡಿ, ದಿನಾ, ಹಲ್ಲುಜ್ಜುವಾಗಲೂ. ಹಾವಸೆಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ತೆಗೆಯದೆ ಆಡಬೇಡಿ. ಉಳುಕಿದ ತಕ್ಷಣ ನಾಲ್ಕು ಹೆಜ್ಜೆ ಊರಲಾಗದಿದ್ದರೆ ಅಥವಾ ಪಾದದ ಗಂಟಿನ ಎಲುಬನ್ನು ಒತ್ತಿದರೆ ನೋವಿದ್ದರೆ ಎಕ್ಸ್-ರೇ ಮಾಡಿಸಿ.

ಯಲ್ಲಾಪುರದ ಆಟಗಾರ: ಮೇಡಂ, ಪಾದ ಉಳುಕಿದೆ. ಏನು ಮಾಡಲಿ?

ಮೇಡಂ: ಮೇಲೆ ಬರೆದಿದ್ದೇನೆ.

ಭಟ್ಕಳದ ಸದಸ್ಯ: ಉಳುಕಿಗೆ ಬಿಸಿನೀರೋ ಮಂಜುಗಡ್ಡೆಯೋ?

ಮೇಡಂ: ಮೊದಲ ಎರಡು ದಿನ ಬಿಸಿಯೂ ಬೇಡ, ಎಣ್ಣೆ ತಿಕ್ಕುವುದೂ ಬೇಡ.

ನಿವೃತ್ತ ದೈಹಿಕ ಶಿಕ್ಷಕರು, ಕಾರವಾರ: ಮೇಡಂ, ತಮ್ಮ ಮೇಲೆ ಗೌರವವಿದೆ. ಆದರೆ ಮಕ್ಕಳಿಗೆ ಇಷ್ಟು ಹೆದರಿಕೆ ಹುಟ್ಟಿಸಬಾರದು. ನಾವು ಮೊಣಕಾಲಿಗೆ ಪಂಚೆ ಸುತ್ತಿಕೊಂಡು ಆಡಿದವರು. ವಿಭಾಗ ಮಟ್ಟ ತಲುಪಿದ ಹುಡುಗಿಗೆ ಆ ಅವಕಾಶ ಮತ್ತೆ ಸಿಗುತ್ತದೆಯೇ? ಪ್ರಮಾಣಪತ್ರ ಮುಂದೆ ಕ್ರೀಡಾ ಕೋಟಾಕ್ಕೆ ಬರುತ್ತದೆ.

ಕಾರವಾರದ ಮಾಜಿ ಆಟಗಾರ: ಸರ್, ಪಂಚೆ ಸುತ್ತಿಕೊಂಡು ಆಡಿದವರಲ್ಲಿ ನಾನೂ ಒಬ್ಬ. ಇಪ್ಪತ್ತೆರಡಕ್ಕೆ ಆಟ ಮುಗಿಯಿತು. ಇಂದಿಗೂ ನೆಲದಲ್ಲಿ ಕುಳಿತು ಊಟ ಮಾಡಲಾಗುವುದಿಲ್ಲ. ಅಂದು ‘ಇವತ್ತೊಂದು ದಿನ ಆಡು’ ಎಂದವರು ಆಮೇಲೆ ನನ್ನನ್ನು ನೋಡಲು ಬರಲಿಲ್ಲ.

ನಿವೃತ್ತ ದೈಹಿಕ ಶಿಕ್ಷಕರು, ಕಾರವಾರ: ನಿಮ್ಮ ನೋವು ಅರ್ಥವಾಗುತ್ತದೆ. ಒಬ್ಬರಿಗೆ ಆದದ್ದು ಎಲ್ಲರಿಗೂ ಆಗಬೇಕೆಂದಿಲ್ಲ. ಎನ್‌ಬಿಎ ಗಾರ್ಡ್ ಡೆರಿಕ್ ರೋಸ್ ಗಾಯವಾದ ಮೇಲೂ ಆಡಲಿಲ್ಲವೇ?

ಕಾರವಾರದ ಮಾಜಿ ಆಟಗಾರ: ರೋಸ್ ಕಥೆಯನ್ನು ಪೂರ್ತಿ ಹೇಳಿ. 2011ರಲ್ಲಿ ಇಪ್ಪತ್ತೆರಡನೆಯ ವಯಸ್ಸಿಗೆ ಅತ್ಯಮೂಲ್ಯ ಆಟಗಾರ. 2012ರ ಏಪ್ರಿಲ್‌ನಲ್ಲಿ ಎಡ ಮೊಣಕಾಲಿನ ಎಸಿಎಲ್ ಹರಿಯಿತು. ಮುಂದಿನ ಇಡೀ ಋತು ಹೊರಗೆ ಕುಳಿತರು. ಮರಳಿದ ವರ್ಷವೇ ಬಲ ಮೊಣಕಾಲಿನ ಮೆನಿಸ್ಕಸ್. ಮಗು ಕ್ಯಾಪ್ ಹಾಕಿಕೊಂಡು ಹನ್ನೆರಡು ದಿನಕ್ಕೆ ಇಳಿಯಬೇಕೆನ್ನುತ್ತೀರಾ?

ನಿವೃತ್ತ ದೈಹಿಕ ಶಿಕ್ಷಕರು, ಕಾರವಾರ: ಅದೇ ರೋಸ್ 2018ರ ಅಕ್ಟೋಬರ್ 31ರಂದು ಒಂದೇ ಪಂದ್ಯದಲ್ಲಿ 50 ಅಂಕ ಗಳಿಸಿದರು. ಅದನ್ನೇಕೆ ಬಿಟ್ಟಿರಿ? ಅರ್ಧ ತಿಳಿದು ಹಿರಿಯರಿಗೆ ಪಾಠ ಹೇಳಬೇಡಿ.

ಕಾರವಾರದ ಮಾಜಿ ಆಟಗಾರ: ಆರು ವರ್ಷದ ಚಿಕಿತ್ಸೆ, ವ್ಯಾಯಾಮ ಮುಗಿಸಿ ಗಳಿಸಿದ 50 ಅಂಕ ಅವು. ನೀವು ಕೊಡುತ್ತಿರುವುದು ಹನ್ನೆರಡು ದಿನ.

ನಿರ್ವಾಹಕರು: ಇಬ್ಬರೂ ದಯವಿಟ್ಟು ನಿಲ್ಲಿಸಿ.

ಮೇಡಂ: ಸರ್, ಪ್ರಮಾಣಪತ್ರದ ಬೆಲೆ ನನಗೂ ಗೊತ್ತು. ಈ ಜಿಲ್ಲೆಯ ಹುಡುಗಿಗೆ ಆಟದ ದಾರಿ ಎಷ್ಟು ಕಿರಿದು ಎಂಬುದೂ ಗೊತ್ತು. ಅದಕ್ಕಾಗಿಯೇ ಹೇಳುತ್ತಿದ್ದೇನೆ. ಆಕೆ ಆಡುವ ವರ್ಷಗಳು ಇನ್ನೂ ಮುಂದಿವೆ, ಅವನ್ನು ಈ ಒಂದು ಪಂದ್ಯಕ್ಕೆ ಕೊಡಬಾರದು.

ಸಿದ್ದಾಪುರದ ಸದಸ್ಯರು: ಇನ್ನೊಂದು ಸಂದೇಶ ಬಂದಿದೆ. ಬಿದಿರಿನ ಪಟ್ಟಿ ಇಟ್ಟು ಮೊಟ್ಟೆಯ ಬಿಳಿ ಲೋಳೆ ಸವರಿ ಬಿಗಿಯಾಗಿ ಕಟ್ಟಿದರೆ...

ಮೇಡಂ: ಸಾಕು. ಊದಿದ ಕಾಲಿಗೆ ಬಿಗಿಯಾಗಿ ಕಟ್ಟಿದರೆ ರಕ್ತ ಸಂಚಾರ ನಿಂತು ಕಾಲನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಕಟ್ಟಿದ ಮೇಲೆ ಬೆರಳು ಜೋಮು ಹಿಡಿದರೆ, ತಣ್ಣಗಾದರೆ, ತಕ್ಷಣ ಬಿಚ್ಚಿ ಆಸ್ಪತ್ರೆಗೆ ಓಡಬೇಕು. ಇಂಥ ಸಂದೇಶವನ್ನು ಇನ್ನು ಇಲ್ಲಿ ಹಾಕಬೇಡಿ. ಮೂರನೆಯದಕ್ಕೆ ನಾನು ಉತ್ತರಿಸುವುದಿಲ್ಲ.

ಹೊನ್ನಾವರದ ಆಟಗಾರ: ಮೇಡಂ, ನನ್ನ ಬೂಟಿನ ಪ್ರಶ್ನೆ?

ದಾಂಡೇಲಿಯ ಸದಸ್ಯ: ಪಾದ ಉಳುಕಿದರೆ ಎಷ್ಟು ದಿನ ವಿಶ್ರಾಂತಿ?

ಶಿರಸಿಯ ತಾಯಿ: ಮೇಡಂ, ಅಮ್ಮನ ಮೊಬೈಲಿನಿಂದ ನಾನೇ ಬರೆಯುತ್ತಿದ್ದೇನೆ. ಅಮ್ಮನಿಗೆ ಹೇಳಿರಲಿಲ್ಲ. ಶಾಲೆಯ ಮೆಟ್ಟಿಲಿಳಿದು ತಿರುಗುವಾಗ ಎರಡು ಸಲ ಮೊಣಕಾಲು ಕಳಚಿದಂತಾಯಿತು. ಹೇಳಿದರೆ ಆಡಲು ಬಿಡುವುದಿಲ್ಲವೆಂದು ಸುಮ್ಮನಿದ್ದೆ. ಶಸ್ತ್ರಚಿಕಿತ್ಸೆಯಾದರೆ ಮತ್ತೆ ಗಾರ್ಡ್ ಆಡಬಹುದೇ?

ಮೇಡಂ: ಹೇಳಿದ್ದು ಒಳ್ಳೆಯದಾಯಿತು ಮಗಳೇ. ಕಾಲನ್ನು ನೋಡದೆ ‘ಹರಿದಿದೆ’ ಎಂದು ತೀರ್ಪು ಕೊಡುವುದಿಲ್ಲ. ಹರಿದಿದ್ದರೂ ಮರಳಿ ಆಡಿದವರು ಬಹಳ ಜನ ಇದ್ದಾರೆ. ಎನ್‌ಬಿಎಯ ಕ್ಲೇ ಥಾಮ್ಸನ್ ಕೂಡ ಗಾರ್ಡ್. 2019ರ ಜೂನ್‌ನಲ್ಲಿ ಎಸಿಎಲ್ ಹರಿಯಿತು. ಮರಳುವ ಮೊದಲೇ 2020ರಲ್ಲಿ ಇನ್ನೊಂದು ಕಾಲಿನ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿಯಿತು. 2022ರ ಜನವರಿಯಲ್ಲಿ ಮತ್ತೆ ಅಂಕಣಕ್ಕೆ ಇಳಿದರು, ಅದೇ ವರ್ಷ ಅವರ ತಂಡ ಚಾಂಪಿಯನ್ ಆಯಿತು.

ನಿನ್ನ ಎಲುಬಿನ ಬೆಳವಣಿಗೆ ಮುಗಿದಿದೆಯೇ ಎಂಬುದನ್ನು ಶಸ್ತ್ರಚಿಕಿತ್ಸಕರು ನೋಡುತ್ತಾರೆ, ಅದಕ್ಕೆ ತಕ್ಕಂತೆ ವಿಧಾನ ಆರಿಸುತ್ತಾರೆ. ಆ ಬಳಿಕ ಪಂದ್ಯಕ್ಕೆ ಕನಿಷ್ಠ ಒಂಬತ್ತು ತಿಂಗಳು. ಅದಕ್ಕಿಂತ ಮೊದಲೇ ಮರಳಿದವರಲ್ಲಿ ಮತ್ತೆ ಗಾಯವಾಗುವುದು ಹೆಚ್ಚು. ಒಂಟಿ ಕಾಲಿನ ಜಿಗಿತದಲ್ಲಿ ಬಲಗಾಲು ಎಡಗಾಲಿಗೆ ಸಮನಾಗುವವರೆಗೆ ನಾನು ಬಿಡುವುದಿಲ್ಲ. ಅಲ್ಲಿಯವರೆಗೆ ಕುರ್ಚಿಯಲ್ಲಿ ಕುಳಿತು ಎರಡೂ ಕೈಯಲ್ಲಿ ಚೆಂಡು ಪುಟಿಸು.

ನಾಳೆ ಹತ್ತು ಗಂಟೆಗೆ ಬಾ. ಇವತ್ತಿನಿಂದ ಓಟ ಬೇಡ, ಮೆಟ್ಟಿಲಲ್ಲಿ ಕಂಬಿ ಹಿಡಿದುಕೋ.

ಶಿರಸಿಯ ತಾಯಿ: ಮೇಡಂ, ಈಗ ನಾನು. ಓದಿ ಕೈಕಾಲು ಆಡುತ್ತಿಲ್ಲ. ಎಕ್ಸ್-ರೇ ತರಬೇಕೇ?

ಮೇಡಂ: ತನ್ನಿ. ಅವಳನ್ನು ಗದರಿಸಬೇಡಿ.