ಅಪ್‌ಡೇಟ್: ಸಾರ್ಕ್ ಕೈನೇಸ್‌ನ 530ನೇ ಟೈರೊಸಿನ್ ಕೊನೆಗೂ ಸಿಕ್ತು

ಎಂ.ಎಸ್ಸಿ ಸೆಮಿನಾರ್‌ಗೆ ಅಂತ ಮನುಷ್ಯರ ಸಾರ್ಕ್ ಕೈನೇಸ್‌ನ (Src, ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ) ರಚನೆ (ಪ್ರೋಟೀನ್ ರಚನೆಗಳ ಸಂಗ್ರಹವಾದ ಪಿಡಿಬಿಯ 1ಎಫ್‌ಎಂಕೆ ಫೈಲ್) ತೆಗೆದು ನೋಡಿದರೆ, ಕಿಣ್ವವನ್ನು ಆಫ್ ಮಾಡುವ 530ನೇ ಟೈರೊಸಿನ್ ಜಾಗದಲ್ಲಿ ಬೇರೆಯೇ ಅಮೈನೊ ಆಮ್ಲ, ಗ್ಲೈಸಿನ್ ಕಾಣ್ತಿದೆ, ಯಾಕೆ ಅಂತ ಕೇಳಿದ್ದೆ. ಬಗೆಹರಿಯಿತು.

ಫೈಲ್ ಮತ್ತೆ ಇಳಿಸಿಕೊಂಡೆ, ಸಾಫ್ಟ್‌ವೇರ್ ಬದಲಿಸಿದೆ. ಉಪಯೋಗ ಆಗಲಿಲ್ಲ, ಕಲಬುರಗಿ ಬಿಸಿಲಿಗೆ ಲ್ಯಾಪ್‌ಟಾಪ್ ಕಾದಿದ್ದೇ ಬಂತು. ಕೆಲಸ ಮಾಡಿದ್ದು ಬೀದರ್‌ನ ಅಕ್ಕ ಹೇಳಿದ ಮಾತು: "ಕೋಳಿ ಲೆಕ್ಕದಾಗ ನೋಡಪ್ಪಾ." ಫೈಲ್‌ನಲ್ಲಿರುವುದು ಮನುಷ್ಯರ ಪ್ರೋಟೀನೇ, ನಂಬರ್ ಮಾತ್ರ ಕೋಳಿಯ ಸಾರ್ಕ್‌ದು, ಇಲ್ಲಿ ಮೂರು ಕಡಿಮೆ! ಮೂರು ಕಳೆದು 527ಕ್ಕೆ ಹೋದರೆ ಫಾಸ್ಫೇಟ್ ಸಮೇತ ಕೂತಿದೆ. ಅಲ್ಲಿ ಅದರ ಹೆಸರೂ ಟಿವೈಆರ್ (ಟೈರೊಸಿನ್) ಅಲ್ಲ, ಪಿಟಿಆರ್ (ಫಾಸ್ಫೊಟೈರೊಸಿನ್, ಅಂದರೆ ಫಾಸ್ಫೇಟ್ ಅಂಟಿದ ಟೈರೊಸಿನ್).

ಜಾಸ್ತಿ ಆಶ್ಚರ್ಯ ಆಗಿದ್ದು ಬೇರೆ ವಿಷಯಕ್ಕೆ. ಈ ಟೈರೊಸಿನ್ ಇರುವ ಬಾಲ ಸಕ್ರಿಯ ತಾಣದ ಹತ್ತಿರವೂ ಸುಳಿಯಲ್ಲ. ಅದು ಇದೇ ಪ್ರೋಟೀನ್‌ನ ಎಸ್‌ಎಚ್‌2 ಭಾಗವನ್ನು ಹಿಡಿಯುತ್ತೆ, ಎಸ್‌ಎಚ್‌3 ಅನ್ನೋ ಇನ್ನೊಂದು ಭಾಗ ಎಸ್‌ಎಚ್‌2 ಮತ್ತು ಕೈನೇಸ್ ನಡುವಿನ ಲಿಂಕರನ್ನು (ಜೋಡಿಸುವ ಎಳೆಯನ್ನು) ಹಿಡಿಯುತ್ತೆ, ಎರಡೂ ಇರುವುದು ಕೈನೇಸ್‌ನ ಬೆನ್ನ ಕಡೆ. ಅಷ್ಟು ದೂರದ ಬಿಗಿತಕ್ಕೇ ಸಿ-ಹೆಲಿಕ್ಸ್ (ಕೈನೇಸ್‌ನ ಒಂದು ಸುರುಳಿ) ಹೊರಕ್ಕೆ ವಾಲಿ, 310ರ ಗ್ಲುಟಮೇಟ್ 295ರ ಲೈಸಿನ್‌ಗೆ ಎಟುಕದೆ ಕಿಣ್ವ ಸುಮ್ನಾಗುತ್ತೆ (ಇವೂ ಕೋಳಿ ನಂಬರೇ). ಹಿಡಿತ ಗಟ್ಟಿ ಏನಲ್ಲ. ಎಸ್‌ಎಚ್‌2ಗೆ ಇನ್ನೂ ಚೆನ್ನಾಗಿ ಹೊಂದುವ ಫಾಸ್ಫೊಟೈರೊಸಿನ್ ಬೇರೆ ಪ್ರೋಟೀನ್‌ನಲ್ಲಿ ಸಿಕ್ಕರೆ ಬಾಲ ಜಾಗ ಬಿಟ್ಟುಕೊಡುತ್ತೆ. ಕೋಳಿಗಳಿಗೆ ಕ್ಯಾನ್ಸರ್ ತರುವ ರೌಸ್ ಸಾರ್ಕೋಮಾ ವೈರಸ್‌ನ ಸ್ವಂತ ಸಾರ್ಕ್ ಆದ ವಿ-ಸಾರ್ಕ್‌ನಲ್ಲಂತೂ ಆ ಬಾಲದ ತುದಿಯೇ ಇಲ್ಲ, ಹಾಗಾಗಿ ಅದು ಸದಾ ಆನ್.

ಈ ಫೈಲ್‌ನಲ್ಲಿ ಕಿಣ್ವವನ್ನು ಆನ್ ಮಾಡುವ 419ನೇ ಟೈರೊಸಿನ್ ಹುಡುಕುವವರು 416 ನೋಡಿ. ಆದರೆ ಸಿಕ್ಕ ಫೈಲ್‌ಗೆಲ್ಲ ಸುಮ್ನೆ ಮೂರು ಕಳೆಯಬೇಡಿ, ಮೊದಲು ಸೀಕ್ವೆನ್ಸ್ ಹೊಂದಿಸಿ ನೋಡಿ.