ಪವಾನ್: ‘ಕುಣಿತ’ ಅನ್ನಬಹುದೇ? ಜೊತೆಗೆ ‘ಮೇಳ’ದ ಬಗ್ಗೆ

ಎಲ್ಲರಿಗೂ ನಮಸ್ಕಾರ.

16ನೇ ಶತಮಾನದ ಯುರೋಪಿನ ಅರಮನೆ ಸಂಗೀತದ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಆಗಿನ ನಿಧಾನ ಗತಿಯ ನೃತ್ಯ ‘ಪವಾನ್’ ಬಂದ ಕಡೆಯೆಲ್ಲ ಪೆನ್ನು ನಿಲ್ಲುತ್ತಿದೆ. ನಿಮ್ಮ ಸಲಹೆ ಬೇಕು.

ಕಾಗುಣಿತದ್ದು ದೊಡ್ಡ ತೊಡಕಲ್ಲ. ‘ಪವನ’ ಎಂದು ಬರೆದರೆ ಓದುವವರಿಗೆ ಗಾಳಿ ನೆನಪಾಗುತ್ತದೆ. ‘ಪಾವನ’ವಂತೂ ಬೇಡವೇ ಬೇಡ. ಹೆಸರು ಇಟಲಿಯ ಪಡುವಾ ಊರಿನಿಂದ ಬಂತು ಎಂಬ ವಾದವಿದೆ, ಸ್ಪ್ಯಾನಿಷ್‌ನಲ್ಲಿ ನವಿಲಿಗಿರುವ ಹೆಸರಿನಿಂದ ಬಂತು ಎನ್ನುವವರೂ ಇದ್ದಾರೆ. 1508ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಸಂಗೀತಗಾರ ದಾಲ್ಜಾನ ಲ್ಯೂಟ್ (ಮೀಟಿ ನುಡಿಸುವ ತಂತಿವಾದ್ಯ) ಪುಸ್ತಕದಲ್ಲೇ ಪವಾನ್‌ಗಳಿವೆ. ವೆನಿಸ್ ಪಕ್ಕದಲ್ಲೇ ಪಡುವಾ. ಹಾಗಾಗಿ ನಾನು ಪಡುವಾ ವಾದದ ಕಡೆಯವನು. ಉಚ್ಚಾರಕ್ಕೆ ಮಾತ್ರ ಫ್ರೆಂಚರ ‘ಪವಾನ್’ ಇಟ್ಟುಕೊಂಡಿದ್ದೇನೆ.

ನಿಜವಾದ ಪ್ರಶ್ನೆ ‘ಕುಣಿತ’ದ್ದು. ಫ್ರಾನ್ಸಿನ ಲಾಂಗ್ರ್ ಊರಿನ ಪಾದ್ರಿಯೊಬ್ಬರು ತ್ವಾನೋ ಆರ್ಬೋ ಎಂಬ ಹೆಸರಿನಲ್ಲಿ ಬರೆದ ಪುಸ್ತಕ 1589ರಲ್ಲಿ ಬಂತು. ಅದರಲ್ಲಿ ಪವಾನ್‌ನ ಹೆಜ್ಜೆಗಳನ್ನು ಬಿಡಿಸಿ ಹೇಳಿದ್ದಾರೆ. ಒಂದು ಕಾಲು ಮುಂದಿಟ್ಟು ಇನ್ನೊಂದನ್ನು ಪಕ್ಕಕ್ಕೆ ಸೇರಿಸಿದರೆ ಅದು ಒಂಟಿ ಹೆಜ್ಜೆ. ಮೂರು ಹೆಜ್ಜೆ ನಡೆದು ಕಾಲು ಸೇರಿಸಿದರೆ ಜೋಡಿ ಹೆಜ್ಜೆ. ಎರಡು ಒಂಟಿ, ಒಂದು ಜೋಡಿ ಮುಂದಕ್ಕೆ. ಮತ್ತೆ ಅಷ್ಟೇ ಹಿಂದಕ್ಕೆ. ನೆಗೆತ ಇಲ್ಲವೇ ಇಲ್ಲ. ಗಂಡಸರು ಮೇಲುಹೊದಿಕೆ, ಕತ್ತಿ ಸಮೇತ ನಡೆಯಬಹುದು. ಮದುಮಗಳನ್ನು ಚರ್ಚಿಗೆ ಕರೆದೊಯ್ಯುವಾಗಲೂ ಇದನ್ನೇ ನುಡಿಸುತ್ತಿದ್ದರು. ಆರ್ಬೋ ಕೊಟ್ಟಿರುವ ಮಾದರಿಯಲ್ಲಿ ಡೋಲಿನ ಪೆಟ್ಟು ಉದ್ದಕ್ಕೂ ಒಂದೇ: ಉದ್ದದ್ದು ಒಂದು, ಅದರ ಅರ್ಧದ್ದು ಎರಡು. ನಮ್ಮ ಛಂದಸ್ಸಿನ ಲೆಕ್ಕದಲ್ಲಿ ಗುರು, ಲಘು, ಲಘು. ಅಪ್ಪಟ ಭಗಣ! ಓದುಗರಿಗೆ ಹೀಗೆ ಹೇಳಿದರೆ ಲಯ ತಟ್ಟನೆ ಸಿಗುತ್ತದೆ ಅನಿಸುತ್ತದೆ.

ಇದಕ್ಕೆ ‘ಕುಣಿತ’ ಎಂದರೆ ಡೊಳ್ಳು ಕುಣಿತ ಕಣ್ಣಿಗೆ ಬರುತ್ತದೆ. ಆ ಮಾತು ಪವಾನ್ ಮುಗಿದ ಮೇಲೆ ಬರುವ ಗ್ಯಾಲಿಯಾರ್ಡಿಗೆ ಒಪ್ಪುತ್ತದೆ. ಅದು ಮೂರೆಣಿಕೆಯದು, ಚುರುಕು, ನೆಗೆತ ಜಾಸ್ತಿ. ಪವಾನ್‌ಗೆ ‘ನಡೆ’ ಎನ್ನೋಣವೆಂದರೆ ಕರ್ನಾಟಕ ಸಂಗೀತದಲ್ಲಿ ಆ ಪದಕ್ಕೆ ಬೇರೆಯೇ ಅರ್ಥವಿದೆ. ಸದ್ಯಕ್ಕೆ ‘ನಡಿಗೆ ನೃತ್ಯ’ ಎಂದಿಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.

ಇನ್ನು ಪವಾನ್ ನುಡಿಸುವ ವಾದ್ಯಗಳ ಗುಂಪಿಗೆ ಏನೆನ್ನುವುದು? ಲಂಡನ್ನಿನಲ್ಲಿ 1599ರಲ್ಲಿ ಸಂಗೀತ ರಚನೆಕಾರ ಹೋಲ್ಬೋರ್ನ್‌ನ 65 ರಚನೆಗಳು ಅಚ್ಚಾದವು, ಎಲ್ಲವೂ ಐದು ವಾದ್ಯಗಳಿಗೆ. 1604ರಲ್ಲಿ ಇನ್ನೊಬ್ಬ ರಚನೆಕಾರ ಡೌಲ್ಯಾಂಡ್‌ನ ಏಳು ‘ಕಣ್ಣೀರಿನ’ ಪವಾನ್‌ಗಳು ಬಂದವು. ಐದು ವಯಲ್ (ಕಮಾನಿನಿಂದ ನುಡಿಸುವ ತಂತಿವಾದ್ಯ), ಜೊತೆಗೊಂದು ಲ್ಯೂಟ್. ಮೊದಲನೆಯದು ಶುರುವಾಗುವುದೇ ಮೇಲಿನಿಂದ ಒಂದೊಂದಾಗಿ ಇಳಿಯುವ ನಾಲ್ಕು ಸ್ವರಗಳಿಂದ. ಇವು ಕೂತು ಕೇಳುವ ಸಂಗೀತ, ಹೆಜ್ಜೆ ಹಾಕುವವರು ಬೇಕಿಲ್ಲ. ಹಾಗಿದ್ದಮೇಲೆ ‘ಹಿಮ್ಮೇಳ’ ಎನ್ನುವುದು ಹೇಗೆ? ಮುಮ್ಮೇಳವೇ ಇಲ್ಲವಲ್ಲ! ‘ವಾದ್ಯವೃಂದ’ ಎಂದರೆ ತೀರಾ ದೊಡ್ಡ ಗುಂಪು ಎನಿಸುತ್ತದೆ. ‘ವಾದ್ಯಗೋಷ್ಠಿ’ ಎಂದರೆ ಜನ ಸಿನಿಮಾ ಹಾಡು ಎಂದುಕೊಳ್ಳುತ್ತಾರೆ.

ಸುಮ್ನೆ ‘ಐದು ವಾದ್ಯಗಳ ಮೇಳ’ ಎಂದರೆ ಸಾಕೇ? ಯಕ್ಷಗಾನ ಬಲ್ಲವರ ಕಿವಿಗೆ ಅದು ಹೇಗೆ ಕೇಳುತ್ತದೆ?