ಸಹಾಯ ಬೇಕು: ತಮ್ಮ ರಮ್ಮಿಯನ್ನೇ ದುಡಿಮೆ ಅಂದ್ಕೊಂಡಿದ್ದಾನೆ

ಎಲ್ಲರಿಗೂ ನಮಸ್ಕಾರ. ದೀಪಾವಳಿಗೆ ಮನೆಮಂದಿಯೆಲ್ಲ ಚಾಪೆ ಹಾಸಿ ರಮ್ಮಿ ಆಡೋದು ನಮ್ಮಲ್ಲಿ ಮೊದಲಿಂದಲೂ ಇದೆ, ಅದನ್ನು ಬಿಡಿಸೋ ಆಸೆ ನನಗಿಲ್ಲ. ಆದರೆ ತಮ್ಮ ಈಗ ಕ್ಲಬ್ಬಿಗೆ ಹೋಗಿ, ಬೈಕ್ ಕಂತನ್ನೂ ಅಲ್ಲಿಂದಲೇ ಕಟ್ಟೋ ಲೆಕ್ಕ ಹಾಕ್ತಿದ್ದಾನೆ. ಡೈರಿಯಲ್ಲಿ ಗೆದ್ದದ್ದಷ್ಟೇ ಬರೀತಾನೆ, ಸೋತ ದಿನದ ಹಾಳೆ ಖಾಲಿ. ಕ್ಲಬ್ಬಿನವರು ಕಮಿಷನ್ ಹಿಡಿದ ಮೇಲೆ, ಆಡೋಕೆ ಕೂತವರು ಹಾಕಿದ ದುಡ್ಡು ಅಷ್ಟೂ ವಾಪಸ್ ಬರಲ್ಲ ಕಣೋ ಅಂದರೆ, "ರಮ್ಮಿ ಕೌಶಲದ ಆಟ ಅಂತ 1967ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ ಅಕ್ಕಾ" ಅಂತಾನೆ. ಕೌಶಲ ಇದ್ದ ಮಾತ್ರಕ್ಕೆ ತಿಂಗಳ ಸಂಬಳ ಆಗುತ್ತಾ?

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮೊದಲು ನಾನೇ ಫೋನ್ ಮಾಡಿ ಕೇಳಲಾ? ಮನೆಯವರನ್ನು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದವರಿದ್ದರೆ, ಹೇಗೆ ಒಪ್ಪಿಸಿದಿರಿ ಅಂತ ದಯವಿಟ್ಟು ತಿಳಿಸಿ. ಜಗಳ ಆಗಿ ಮಾತು ನಿಲ್ಲಬಾರದು, ಅದೇ ನನ್ನ ಭಯ.